ಎರಡನೇ ಹೊಸ್ತಿಲು

ಮರಳೂರಿನ ಆ ಮನೆಯಲ್ಲಿ ಗಂಡಸರು ಮಾತಾಡುತ್ತಿದ್ದರು, ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಇದರಲ್ಲಿ ಹೊಸದೇನೂ ಇಲ್ಲ, ಎಷ್ಟೋ ಮನೆಗಳು ಹಾಗೇ ನಡೆದುಕೊಂಡು ಬಂದಿವೆ. ಹೊಸದು ಯಾವುದೆಂದರೆ, ಆ ಮನೆಯ ಕಿರಿ ಸೊಸೆ ಸರ್ವಮಂಗಳ ಐವತ್ತರ ಹತ್ತಿರ ಬಂದ ಮೇಲೆ ಮಾತಾಡುವುದನ್ನೇ ಕೆಲಸ ಮಾಡಿಕೊಂಡದ್ದು.

ಕನ್ನಡ ಪುಸ್ತಕಗಳನ್ನು ಓದಿಸಿ, ರೆಕಾರ್ಡ್ ಮಾಡಿ, ಜನಕ್ಕೆ ಫೋನಿನಲ್ಲಿ ಕೇಳಿಸುವ ಕಂಪನಿಯೊಂದು ಬೆಂಗಳೂರಿನಲ್ಲಿದೆ. ಮಗಳು ಪಲ್ಲವಿ ತಾಯಿಗೂ ಹೇಳದೆ ಆಕೆಯ ದನಿಯನ್ನು ಆ ಕಂಪನಿಗೆ ಕಳಿಸಿದ್ದಳು. ಸರ್ವಮಂಗಳಳದು ದಪ್ಪ ದನಿ. ತವರು ಅಮೃತೂರಿನಲ್ಲಿ ಚಿಕ್ಕಂದಿನಿಂದ ಎಲ್ಲರೂ ಗಂಡು ದನಿ ಎಂದು ಆಡಿಕೊಂಡಿದ್ದರು, ಮದುವೆಗೆ ನೋಡಲು ಬಂದವರ ಮುಂದೆ ಬಾಯಿ ಬಿಡಬೇಡ ಎಂದು ತಾಯಿ ತೊಡೆ ಚಿವುಟಿದ್ದಳು. ಕಂಪನಿಯವರು ಮಾತ್ರ ಅದೇ ದನಿ ಬೇಕು ಅಂದರು. ಪಲ್ಲವಿ ಹಾಸ್ಟೆಲಿಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಕೋಣೆಗೆ ಒಂದು ಮೇಜು, ಒಂದು ಮೈಕು, ಒಂದು ಲ್ಯಾಪ್‌ಟಾಪ್ ಬಂದವು. ಓದಲು ಬಂದದ್ದು ಒಂದು ಕೊಲೆ ಕಾದಂಬರಿ.

ಮೊದಲನೇ ಕೊಲೆಯ ದಿನವೇ ರಾದ್ಧಾಂತವಾಯಿತು. "ನಿನ್ನ ರಕ್ತ ಕುಡೀದೆ ಬಿಡಲ್ಲ" ಎಂದು ಸರ್ವಮಂಗಳ ಮೈಮರೆತು ಓದಿದ್ದಳು. ಪಕ್ಕದ ಮನೆಯ ಕೊಲ್ಲಾಪುರಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಯಾರ್ನ ಯಾರು ಹೊಡೀತಾವ್ರೆ?" ಎಂದು ವರಾಂಡದಲ್ಲಿ ನಿಂತು ಕೂಗಿದಳು.

ಆ ವರಾಂಡ ಸದಾಶಿವಯ್ಯನವರ ಆಸ್ಥಾನ. ಸರ್ವಮಂಗಳಳ ಗಂಡ ಬಸವಪ್ರಭುವಿನ ಅಣ್ಣ, ಮನೆಯ ಯಜಮಾನರು, ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ನಡೆಸುವವರು. ಮಠದ ಕಡೆಯವರಿಂದ ಹಿಡಿದು ಮಂಡಿಯ ಹಮಾಲಿಗಳವರೆಗೆ ಎಲ್ಲರೂ ಅಣ್ಣತಮ್ಮಂದಿರ ಜಗಳ ಬಿಡಿಸಲು ಅವರನ್ನೇ ಕರೆಯುತ್ತಿದ್ದರು. ಅವರು ಹೋಗಿ ಪಂಚಾಯ್ತಿ ಮಾಡಿ, ತೋಟ ಹಂಚಿ, ಪಾತ್ರೆ ಹಂಚಿ, ಕೊನೆಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ನಮ್ಮನೆ ನೋಡ್ರಪ್ಪ. ನಮ್ಮ ತಾತನ ಕಾಲದಿಂದ ಒಡೆದಿಲ್ಲ. ಒಂದೇ ಒಲೆ, ಒಂದೇ ಹೊಸ್ತಿಲು." ಹೇಳುವಾಗ ಅವರ ಎದೆ ಒಂದು ಅಂಗುಲ ಮುಂದೆ ಬರುತ್ತಿತ್ತು. ಆ ಒಂದೇ ಒಲೆಯ ಮುಂದೆ ಬೆಂದವರು ಯಾರು ಎಂದು ಯಾವ ಪಂಚಾಯ್ತಿಯಲ್ಲೂ ಯಾರೂ ಕೇಳಲಿಲ್ಲ, ಕೇಳಬೇಕಾದವರು ಒಳಗೆ ಮುದ್ದೆ ತೊಳಸುತ್ತಿದ್ದರು.

ಸದಾಶಿವಯ್ಯನವರು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡಿದವರಲ್ಲ. ಅವಳು ಎದುರಿಗೇ ನಿಂತಿದ್ದರೂ ಮಾತು ತಮ್ಮನ ಮೂಲಕ ಸುತ್ತಿಕೊಂಡು ಬರುತ್ತಿತ್ತು. ಆ ದಿನವೂ ಹಾಗೇ ಬಂತು.

"ಅವಳಿಗೆ ಹೇಳು ಪ್ರಭು, ಓದ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಸದ್ದು ಹೊರಗೆ ಬರಬಾರ್ದು. ಮರ್ಯಾದಸ್ತರ ಮನೆ ಇದು."

ಸದ್ದಿನ ಗುಣ ಎಂದರೆ ಅದು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಳಗಿನದು ಹೊರಗೆ ಹೋದಷ್ಟೇ ಸಲೀಸಾಗಿ ಹೊರಗಿನದು ಒಳಗೆ ಬರುತ್ತದೆ. ಕಳಿಸಿದ ಮೊದಲ ಭಾಗ ವಾರದಲ್ಲೇ ವಾಪಸ್ಸು ಬಂತು. ಕುಕ್ಕರ್ ಕೂಗುತ್ತಿದೆ, ಬಸ್ಸಿನ ಹಾರನ್ನು ಇದೆ, ಪಾರಿವಾಳವಿದೆ, ಅಲ್ಲದೆ ಕೊಲೆಗಾರ ಚಾಕು ಎತ್ತುವ ಜಾಗದಲ್ಲಿ ಹಿರಿಯರೊಬ್ಬರು ಕೊಬ್ಬರಿ ರೇಟು ಹೇಳುತ್ತಿದ್ದಾರೆ ಎಂದು ಕಂಪನಿಯ ಹುಡುಗಿ ನಗು ತಡೆದುಕೊಂಡೇ ಫೋನ್ ಮಾಡಿದಳು. ಎರಡನೇ ಸಲವೂ ವಾಪಸ್ಸಾಯಿತು. ಆಗ ಅವಳು ನಗಲಿಲ್ಲ.

"ಮೇಡಂ, ನಿಮ್ಮ ವಾಯ್ಸ್ ನಮಗೆಲ್ಲ ಇಷ್ಟ. ಆದ್ರೆ ರೂಮ್ ಸರಿ ಇಲ್ಲ. ಈ ಭಾನುವಾರ ಸಂಜೆಯೊಳಗೆ ಕ್ಲೀನ್ ಆಡಿಯೋ ಬರದಿದ್ರೆ ಬುಕ್ಕನ್ನ ಬೇರೆಯವರಿಗೆ ಕೊಡಬೇಕಾಗುತ್ತೆ. ಆಮೇಲೆ ನಿಮಗೆ ಕೊಡೋದೂ ಕಷ್ಟ."

ಫೋನಿಟ್ಟ ಮೇಲೆ ಸರ್ವಮಂಗಳ ಸುಮಾರು ಹೊತ್ತು ಆ ಮೈಕಿನ ಮುಂದೆ ಕೂತಿದ್ದಳು. ಆ ಕೆಲಸ ಹೋದರೆ ಅವಳಿಗೆ ಊಟಕ್ಕೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳ ದನಿ ಬೇಕು ಅಂದಿದ್ದರು. ಅದು ಒಂದು ಕುಕ್ಕರಿನ ಕೂಗಿಗೆ ಹೋಗುವುದೆಂದರೆ ಅವಳಿಗೆ ಹೊಟ್ಟೆ ಉರಿಯಿತು. ಬಿಡುವುದಿಲ್ಲ ಎಂದು ಅಲ್ಲೇ ಕೂತು ನಿಶ್ಚಯ ಮಾಡಿದಳು.

ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ಕೊಲ್ಲಾಪುರಮ್ಮ ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿ ಎಂದಳು, ಆದರೆ ಲಿಂಗವಂತರ ಮನೆಗೆ ಮೊಟ್ಟೆಯ ಟ್ರೇ ಎಲ್ಲಿಂದ ಬರಬೇಕು? ಬಸವಪ್ರಭು ಮಂಡಿಯಿಂದ ತೆಂಗಿನ ನಾರಿನ ದಪ್ಪ ಚಾಪೆಗಳನ್ನು ತಂದು ಬಾಗಿಲಿಗೆ ಬಡಿದ. ಅದರಿಂದ ಕೋಣೆಯೊಳಗಿನ ಗುಂಯ್ ಎನ್ನುವ ಮಾರ್ದನಿ ತಗ್ಗಿತೇ ಹೊರತು ಹಾರನ್ನು ಹಾರನ್ನಾಗಿಯೇ ಉಳಿಯಿತು. ಆಮೇಲೆ ಸರ್ವಮಂಗಳ ವಿಡಿಯೋಗಳನ್ನು ನೋಡಿ, ಮಗಳನ್ನು ಕೇಳಿ, ಒಂದು ವಿಷಯ ತಿಳಿದುಕೊಂಡಳು. ಗಾಳಿ ಎಲ್ಲಿ ನುಸುಳುತ್ತದೋ ಸದ್ದೂ ಅಲ್ಲೇ ನುಸುಳುತ್ತದೆ. ಫ್ಯಾನು ನಿಲ್ಲಿಸಿ, ಊದುಬತ್ತಿ ಹಚ್ಚಿಕೊಂಡು, ಕಿಟಕಿಯ ಅಂಚಿನಲ್ಲಿ, ಬಾಗಿಲಿನ ಸುತ್ತ ನಿಧಾನವಾಗಿ ಆಡಿಸಿದಳು. ಹೊಗೆ ಎಲ್ಲೆಲ್ಲಿ ಬಳುಕಿತೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗೀಟು ಹಾಕಿದಳು. ಓರಗಿತ್ತಿ ರೇವಮ್ಮ, ಅಂದರೆ ಸದಾಶಿವಯ್ಯನವರ ಹೆಂಡತಿ, ಇಣುಕಿ ನೋಡಿ, "ಕೋಣೆಗೂ ಪೂಜೆ ಮಾಡ್ತಿದೀಯೇನೇ?" ಅಂದು ಹೋದಳು.

ಗುಬ್ಬಿಯಿಂದ ಬಡಗಿ ಚಿಕ್ಕರಂಗಯ್ಯ ಬಂದ. ವರಾಂಡದ ಕಡೆಗಿದ್ದ ಕಿಟಕಿಗೆ ಹಳೆಯ ಗಾಜಿನ ಮುಂದೆ ಒಂದು ಗೇಣು ಜಾಗ ಬಿಟ್ಟು ಇನ್ನೊಂದು ದಪ್ಪ ಗಾಜು ಕೂರಿಸಿ, ಸುತ್ತ ರಬ್ಬರ್ ಒತ್ತಿ, ಸಂದಿಗೆಲ್ಲ ಸಿಲಿಕಾನ್ ಮೆತ್ತಿದ. ಒಳಗೆ ಟೊಳ್ಳಾಗಿದ್ದ ಹಗುರ ಬಾಗಿಲನ್ನು ಕಿತ್ತು ಗಟ್ಟಿ ಮರದ ಬಾಗಿಲು ನಿಲ್ಲಿಸಿದ, ಅದನ್ನು ತಿರುಗಿಸಲು ಭುಜ ಕೊಡಬೇಕಾಯಿತು. ಚೌಕಟ್ಟಿನ ಮೂರೂ ಕಡೆ ರಬ್ಬರ್ ಪಟ್ಟಿ ಬಂತು. ಉಳಿದದ್ದು ಕೆಳಗಿನ ಸಂದಿ. ಈಗಿನ ಮನೆಗಳಲ್ಲಿ ಒಳಕೋಣೆಗಳಿಗೆ ಹೊಸ್ತಿಲಿಲ್ಲ, ಟೈಲ್ಸ್ ಒಂದೇ ಸಮ ಹರಿದುಕೊಂಡು ಹೋಗುತ್ತದೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಜಾಗ, ಅಲ್ಲಿ ಊದುಬತ್ತಿಯ ಹೊಗೆ ಹೊಳೆಯಂತೆ ಹರಿಯುತ್ತಿತ್ತು.

"ಇದಕ್ಕೆ ಅಡ್ಡ ಒಂದು ಮರ ಬೇಕು ಅಮ್ಮಾರೆ. ಬಾಗ್ಲು ಬಂದು ಅದಕ್ಕೆ ಒತ್ಕಂಡು ಕೂರ್ಬೇಕು," ಅಂದ ಚಿಕ್ಕರಂಗಯ್ಯ.

"ಹಾಕಪ್ಪ."

"ಅಂಗಂದ್ರೆ ಹೊಸ್ತಿಲು ಇಟ್ಟಂಗೆ."

"ಏನಾದ್ರೂ ಅನ್ಕೋ. ನಂಗೆ ಸಂದಿ ಮುಚ್ಚಬೇಕು ಅಷ್ಟೆ."

ಶುಕ್ರವಾರ ಬೆಳಿಗ್ಗೆ ಅವನು ಬೇವಿನ ಮರದ ತುಂಡನ್ನು ನುಣ್ಣಗೆ ಹೆರೆದು ತಂದ. ಇಡುವ ಮುಂಚೆ ಕೈ ಕಟ್ಟಿಕೊಂಡು ನಿಂತುಬಿಟ್ಟ. ಅರಿಶಿನ ಕುಂಕುಮವಿಲ್ಲದೆ ಹೊಸ್ತಿಲು ಇಟ್ಟ ಕೈಯಲ್ಲ ತನ್ನದು, ಅಪ್ಪನೂ ಇಟ್ಟಿರಲಿಲ್ಲ ಅಂದ. ಮುಂದಿನದಕ್ಕೆ ಯಾರನ್ನೂ ದೂರುವಂತಿಲ್ಲ. ಸರ್ವಮಂಗಳಳ ಕೈ ತಾನಾಗಿ ದೇವರಮನೆಗೆ ಹೋಗಿ ಅರಿಶಿನದ ಬಟ್ಟಲು ತಂದಿತು. ರೇವಮ್ಮನ ಕೈ ತಾನಾಗಿ ರಂಗೋಲಿ ಎಳೆಯಿತು. ಯಾರೋ ಮಾವಿನ ಸೊಪ್ಪು ಕಟ್ಟಿದರು. ಚಿಕ್ಕರಂಗಯ್ಯ ಮರದ ಕೆಳಗೊಂದು ಬೆಳ್ಳಿ ನಾಣ್ಯ ಇಟ್ಟು, ಕಾಯಿ ಒಡೆದು, ವಿಭೂತಿ ಹಚ್ಚಿಸಿ, ಸುತ್ತಿಗೆ ಎತ್ತಿದ. ಮಂಗಳಾರತಿಯೂ ಆಯಿತು. ಪದ್ಧತಿ ಎಂಬುದು ಮೈಗೆ ಹತ್ತಿಕೊಂಡುಬಿಟ್ಟರೆ ತಲೆಯನ್ನು ಕೇಳುವುದೇ ಇಲ್ಲ. ಕಾಯಿಚೂರು, ಬಾಳೆಹಣ್ಣು ಎಲೆಯ ಮೇಲಿಟ್ಟು ಪಕ್ಕದ ಮನೆಗೂ ಕೊಟ್ಟರು.

ಕೊಲ್ಲಾಪುರಮ್ಮ ಕಾಯಿಚೂರು ಬಾಯಿಗೆ ಹಾಕಿಕೊಂಡು ಬಂದು ನೋಡಿದಳು. ಒಂದು ಮನೆಯ ಒಳಗೆ, ಕಿರಿಯವನ ಕೋಣೆಗೆ, ಪೂಜೆ ಮಾಡಿ ಇಟ್ಟ ಹೊಸ ಹೊಸ್ತಿಲು. ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಅಣ್ಣತಮ್ಮಂದಿರು ಭಾಗವಾದಾಗ ಮೊದಲು ಮಾಡುವ ಕೆಲಸವೇ ಅದು. ಗೋಡೆ ಒಡೆದು ಬೇರೆ ಬಾಗಿಲು, ಬೇರೆ ಹೊಸ್ತಿಲು, ಆಮೇಲೆ ಬೇರೆ ಒಲೆ. ಅವಳು ಏನೂ ಕೇಳದೆ ತಿರುಗಿ ಹೋದಳು. ಕೇಳಿದ್ದರೆ ಚೆನ್ನಾಗಿತ್ತು.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕೆ ಯಾವ ಸಿಲಿಕಾನೂ ಇಲ್ಲ. ಮಧ್ಯಾಹ್ನದೊಳಗೆ ಸುದ್ದಿ ಗುಬ್ಬಿಯ ಮಂಡಿ ಮುಟ್ಟಿತು. ಮೂರು ಗಂಟೆಗೆ ಅಮೃತೂರಿನಿಂದ ಸರ್ವಮಂಗಳಳ ಅಣ್ಣ ಫೋನ್ ಮಾಡಿದ.

"ಏನವ್ವ ಮಂಗಳ, ಭಾಗ ಆಯ್ತಂತೆ? ನಮಗೊಂದು ಮಾತು ಹೇಳ್ಬಾರ್ದಾ? ತೋಟದಲ್ಲಿ ಬೋರಿರೋ ಕಡೆ ನಿಮಗೇ ಬಂತು ತಾನೆ?"

"ಯಾವ ಭಾಗ ಅಣ್ಣ? ನಾನು ಬಾಗಿಲ ಸಂದಿ ಮುಚ್ಚಿಸ್ದೆ ಅಷ್ಟೆ!"

"ಆಯ್ತಾಯ್ತು, ಫೋನಲ್ಲಿ ಬ್ಯಾಡ ಬುಡು," ಎಂದು ಅವನು ಗುಟ್ಟು ತಿಳಿದವನಂತೆ ಇಟ್ಟುಬಿಟ್ಟ.

ಸಂಜೆ ಸದಾಶಿವಯ್ಯನವರ ಕಾರು ಬಂದು ನಿಂತ ರೀತಿಯಲ್ಲೇ ಎಲ್ಲರಿಗೂ ಗೊತ್ತಾಯಿತು. ಕಾಲು ತೊಳೆಯದೆ ನಡುಮನೆಗೆ ಬಂದರು. ಹೊಸ್ತಿಲನ್ನು ನೋಡಿದರು, ಅರಿಶಿನ ನೋಡಿದರು, ಮಾವಿನ ಸೊಪ್ಪು ನೋಡಿದರು.

"ಪ್ರಭು, ಮಂಡೀಲಿ ನನ್ನ ಮುಖಕ್ಕೇ ಕೇಳಿದ್ರು ಕಣೋ. ನಿಮ್ಮನೇದೂ ಒಡೀತಂತಲ್ಲ ಸದಾಶಿವಣ್ಣ ಅಂತ ನಕ್ಕೊಂಡು ಕೇಳಿದ್ರು. ಭಾನುವಾರ ನಮ್ಮೋರ್ನೆಲ್ಲ ಕರೆಸ್ತಿದೀನಿ. ಬಂದು ಕಣ್ಣಾರೆ ನೋಡಿ ಹೋಗ್ಲಿ, ಮನೆ ಒಂದೇ ಐತೆ ಅಂತ. ಅವಳಿಗೆ ಹೇಳು, ಅಷ್ಟರಲ್ಲಿ ಆ ಹೊಸ್ತಿಲು ಅಲ್ಲಿರಬಾರ್ದು."

ಬಸವಪ್ರಭು ಹೆಂಡತಿಯ ಕಡೆ ತಿರುಗಿದ. ಇಪ್ಪತ್ತಾರು ವರ್ಷ ಅವನು ಹಾಗೆ ತಿರುಗಿದಾಗಲೆಲ್ಲ ಅವಳು ತಲೆಯಾಡಿಸಿದ್ದಳು. ಅಣ್ಣ ಹಾಕಿದ ಗೆರೆಯನ್ನು ದಾಟದೆ ಬದುಕಿದ ಸಾಧು ಮನುಷ್ಯ ಅವನು. ಸಾಧುಗಳ ಹೆಂಡಿರ ಪಾಡು ಅವರಿಗೇ ಗೊತ್ತು.

"ಹೊಸ್ತಿಲು ಕಿತ್ರೆ ಸದ್ದು ಒಳಗೆ ಬರ್ತದೆ ಭಾವ," ಅಂದಳು ಸರ್ವಮಂಗಳ. ನೇರವಾಗಿ, ಅವರ ಮುಖ ನೋಡಿ. "ಸದ್ದು ಬಂದ್ರೆ ನನ್ನ ಕೆಲಸ ಹೋಗ್ತದೆ. ನಾನು ಕೀಳಿಸಲ್ಲ."

ಸದಾಶಿವಯ್ಯನವರು ಆ ಮಾತನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ ತಮ್ಮನನ್ನೇ ನೋಡುತ್ತಿದ್ದರು.

"ಏನಂತೆ ಪ್ರಭು ಅವಳದು?"

ಬಸವಪ್ರಭು ಅಣ್ಣನ ತೊಳೆಯದ ಕಾಲನ್ನೇ ನೋಡುತ್ತ ನಿಂತ. ಸರ್ವಮಂಗಳಳಿಗೆ ಆಗ ಬಂದ ಕೋಪ ಭಾವನ ಮೇಲಿಗಿಂತ ಗಂಡನ ಮೇಲೆ ಹೆಚ್ಚಾಗಿತ್ತು. ಎದುರಿಗೆ ನಿಂತು ಆಡಿದ ಮಾತನ್ನು ಇನ್ನೊಬ್ಬರ ಬಾಯಿಂದ ಬರಲಿ ಎಂದು ಕಾಯುವವರ ಮುಂದೆ ಎಷ್ಟು ಗಟ್ಟಿ ದನಿ ಇದ್ದರೆ ಏನು ಪ್ರಯೋಜನ? ಅವಳು ಒಳಗೆ ಹೋಗಿ ರಾತ್ರಿಯ ಅಡಿಗೆಗೆ ಸೊಪ್ಪು ಬಿಡಿಸಿದಳು. ರೇವಮ್ಮ ಪಕ್ಕದಲ್ಲಿ ಕೂತು ಅವಳ ಜೊತೆ ಸೊಪ್ಪು ಬಿಡಿಸಿದಳು.

ಭಾನುವಾರ ಬಂತು. ವರಾಂಡದ ತುಂಬ ಕುರ್ಚಿ. ಗುಬ್ಬಿಯಿಂದ ಸೋದರಸಂಬಂಧಿ ಸಂಗಮೇಶ್, ಜೊತೆಗೆ ಐದಾರು ಜನ ಹಿರಿಯರು, ಎಲ್ಲರ ಕೈಯಲ್ಲೂ ಕಾಫಿ ಲೋಟ. ಕಾಂಪೌಂಡಿನ ಆಚೆ ಕೊಲ್ಲಾಪುರಮ್ಮ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದಳು. ಸದಾಶಿವಯ್ಯನವರು ಚಿಕ್ಕರಂಗಯ್ಯನನ್ನೂ ಕರೆಸಿದ್ದರು.

"ಇಟ್ಟೋನು ನೀನೇ. ಕೀಳು."

ಚಿಕ್ಕರಂಗಯ್ಯ ತಲೆ ಕೆರೆದುಕೊಂಡ. "ಪೂಜೆ ಮಾಡಿ ಇಟ್ಟ ಹೊಸ್ತಿಲ್ನ ಇಟ್ಟ ಕೈಯೇ ಕೀಳಂಗಿಲ್ಲ ಯಜಮಾನ್ರೆ. ಮನೆ ಏಳ್ಗೆ ಆಗಲ್ಲ. ನಂಗೂ ಮಕ್ಕಳು ಮರಿ ಅವೆ. ಬುಡಿ ನನ್ನ."

ಹಿರಿಯರಲ್ಲಿ ಇಬ್ಬರು ಹೌದೌದು ಎಂದು ತಲೆಯಾಡಿಸಿದರು. ಮನೆ ಒಂದೇ ಎಂದು ನೋಡಲು ಬಂದವರೇ ಹೊಸ್ತಿಲು ಕೀಳುವುದು ಅಪಶಕುನ ಎನ್ನತೊಡಗಿದಾಗ ಸದಾಶಿವಯ್ಯನವರ ಮುಖ ಕಪ್ಪಿಟ್ಟಿತು. ಚಿಕ್ಕರಂಗಯ್ಯನ ಚೀಲದಿಂದ ಉಳಿಯನ್ನೂ ಸುತ್ತಿಗೆಯನ್ನೂ ಎಳೆದು ತಮ್ಮನ ಕೈಗಿಟ್ಟರು.

"ನೀನು ಹೋಗು ಪ್ರಭು. ನಿನ್ ಹೆಂಡ್ತಿ ಇಡಿಸಿದ್ದು, ನೀನೇ ಕೀಳು."

ಕೋಣೆಯೊಳಗೆ ಸರ್ವಮಂಗಳ ಕೊನೆಯ ಅಧ್ಯಾಯ ತೆರೆದು ಕೂತಿದ್ದಳು. ಶುಕ್ರವಾರ ರಾತ್ರಿಯಿಂದ ಕೂತು ಉಳಿದದ್ದೆಲ್ಲ ಓದಿ ಮುಗಿಸಿದ್ದಳು. ಇದೊಂದು ಓದಿ ಸಂಜೆಯೊಳಗೆ ಕಳಿಸಿದರೆ ಪುಸ್ತಕ ಅವಳದು. ಬಾಗಿಲು ತೆರೆದಿತ್ತು. ಬಸವಪ್ರಭು ಬಂದು ನಿಂತ, ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಗಾಬರಿಗೆ ಹೊಸ್ತಿಲ ಮೇಲೆಯೇ ನಿಂತಿದ್ದ.

"ಹೊಸ್ತಿಲ ಮೇಲೆ ನಿಲ್ಲಬಾರ್ದು ರೀ," ಅಂದಳು. ದನಿ ಎತ್ತಲಿಲ್ಲ. "ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ. ನಾನು ಬಾಗಿಲು ಹಾಕ್ಬೇಕು."

"ಅಣ್ಣ ಬಿಡಲ್ಲ ಕಣೇ ಮಂಗಳ. ಎಲ್ಲರ ಮುಂದೆ ಹೇಳವ್ನೆ."

"ಕೀಳೋದಾದ್ರೆ ಕೀಳಿ. ನಾನು ಕೈ ಹಿಡಿಯಲ್ಲ. ಆದ್ರೆ ಅಣ್ಣ ಹೇಳಿದ ಅಂತ ಕಿತ್ತೆ ಅನ್ಬೇಡಿ. ನಾನೇ ನನ್ ಹೆಂಡ್ತಿ ಬಾಯಿ ಮುಚ್ಚಿಸ್ದೆ ಅಂತ ಹೇಳಿ, ಪಲ್ಲವಿಗೂ ನೀವೇ ಹೇಳಿ."

ಅವನ ಮುಖ ಇಳಿದುಹೋಯಿತು. ಸ್ವಲ್ಪ ಹೊತ್ತು ಆ ಬೇವಿನ ಮರವನ್ನೂ ಹೆಂಡತಿಯನ್ನೂ ನೋಡಿದ. ಆಮೇಲೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಹೊಸ್ತಿಲಿಂದ ಇಳಿದ, ಉಳಿ ಸುತ್ತಿಗೆಯನ್ನು ಗೋಡೆಯ ಪಕ್ಕ ಸದ್ದಾಗದಂತೆ ಇಟ್ಟ. "ಓದ್ಕೊ," ಅಂದು, ಭುಜ ಕೊಟ್ಟು ಹೊರಗಿನಿಂದ ತಾನೇ ಬಾಗಿಲು ದೂಡಿದ. ಬಾಗಿಲು ಹೊಸ್ತಿಲಿಗೆ ಒತ್ತಿ ಕೂತಿತು.

ಸರ್ವಮಂಗಳ ಹೆಡ್‌ಫೋನ್ ಏರಿಸಿ ರೆಕಾರ್ಡ್ ಒತ್ತಿದಳು. ಎರಡು ಗುಟುಕು ನೀರು ಕುಡಿದು ಶುರು ಮಾಡಿದಳು. ಒಂದು ಪುಟ ಹೋಯಿತು, ಎರಡು ಪುಟ ಹೋಯಿತು. ಮೂರನೆಯದರಲ್ಲಿ ಕಣ್ಣಂಚಿಗೆ ಏನೋ ಅಲುಗಿದಂತಾಗಿ ಕಿಟಕಿ ನೋಡಿದಳು.

ಗಾಜಿನ ಆಚೆ ಭಾವ ನಿಂತಿದ್ದರು. ಹೆಗಲ ಟವೆಲ್ಲನ್ನು ನೆಲಕ್ಕೆ ಬಿಸಾಕಿದ್ದರು. ಕತ್ತಿನ ನರ ಉಬ್ಬಿತ್ತು, ಬಾಯಿ ದೊಡ್ಡದಾಗಿ ತೆರೆದು ಮುಚ್ಚುತ್ತಿತ್ತು. ಹಿರಿಯರೆಲ್ಲ ಎದ್ದು ನಿಂತಿದ್ದರು, ಸಂಗಮೇಶ್ ಅವರ ತೋಳು ಹಿಡಿಯಲು ಹೋಗಿ ಹಿಂದೆ ಸರಿದ. ಸದಾಶಿವಯ್ಯನವರು ಎಡ ಅಂಗೈಯನ್ನು ಮುಂದೆ ಚಾಚಿ, ಬಲಗೈಯ ಅಂಚಿನಿಂದ ಅದನ್ನು ಸೌದೆ ಸೀಳಿದಂತೆ ಒಮ್ಮೆ ಕಡಿದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ರೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭಾಗ. ಕಿವಿಗೆ ಬೀಳದಿದ್ದರೂ ಆ ಕೈ ಹೇಳಿದ್ದು ಅದನ್ನೇ. ಬಸವಪ್ರಭುವನ್ನು ಇಷ್ಟು ವರ್ಷ ಬಗ್ಗಿಸಿಟ್ಟ ಮಾತು ಅದು. ಅಣ್ಣ ಅದನ್ನು ಆಡಿಬಿಟ್ಟಾನು ಎಂಬ ಹೆದರಿಕೆಯಲ್ಲಿ ಅವನು ಮಂಡಿಯ ಲೆಕ್ಕ ಕೇಳಲಿಲ್ಲ, ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಎರಡು ವರ್ಷ ಬೇಡಿಕೊಂಡ. ಕೊನೆಗೂ ಆಡಿದರು. ಸರ್ವಮಂಗಳ ಲ್ಯಾಪ್‌ಟಾಪಿನ ಪರದೆ ನೋಡಿದಳು. ಅವಳ ದನಿಗೆ ಏಳುತ್ತಾ ಬೀಳುತ್ತಾ ಇದ್ದ ಹಸಿರು ಗೆರೆ ಅವಳು ನಿಲ್ಲಿಸಿದ ಕೂಡಲೇ ಮಲಗಿತ್ತು. ಯಜಮಾನರು ಎದೆ ಬಿರಿಯುವಂತೆ ಕೂಗುತ್ತಿದ್ದರೂ ಅದು ಏಳಲಿಲ್ಲ. ಎಲ್ಲೋ ಆಚೆ ಬೀದಿಯಲ್ಲಿ ಯಾರೋ ಗೊಣಗಿದಷ್ಟು ಬಂತು, ಅಷ್ಟೇ. ಅವಳಿಗೆ ನಗು ಬರಲಿಲ್ಲ, ಅಳು ಬರಲಿಲ್ಲ. ಒಂದು ಬಗೆಯ ನಿರಾಳ ಬಂತು, ಅದು ಇಷ್ಟು ದಿನ ಎಲ್ಲಿತ್ತು ಎಂದು ಆಶ್ಚರ್ಯವೂ ಆಯಿತು. ತಪ್ಪಿದ ವಾಕ್ಯದ ಮೊದಲಿಗೆ ಹೋಗಿ ಮತ್ತೆ ಓದಿದಳು. ಪತ್ತೇದಾರ ಕೊಲೆಗಾರನನ್ನು ಹಿಡಿದ, ಕೊಲೆಗಾರ ಒಪ್ಪಿಕೊಂಡ, ಪುಸ್ತಕ ಮುಗಿಯಿತು. ಕಂಪನಿಗೆ ಕಳಿಸಿದಳು. ಹೋಯಿತು ಎಂದು ಪರದೆ ಹೇಳುವವರೆಗೂ ಕಾದು, ಎದ್ದು ಬಾಗಿಲು ತೆರೆದು ವರಾಂಡಕ್ಕೆ ಬಂದಳು.

ಅಲ್ಲಿ ಯಾರೂ ಕದಲಿರಲಿಲ್ಲ. ಬಹಳ ಹೊತ್ತಿನಿಂದ ಅವಳು ಹೊರಗೆ ಬಂದು ಕಾಲಿಗೆ ಬೀಳುವುದನ್ನೋ ಚೀರಾಡುವುದನ್ನೋ ಕಾಯುತ್ತಿದ್ದವರು ಎಲ್ಲರೂ ಅವಳ ಮುಖವನ್ನೇ ನೋಡಿದರು. ಸದಾಶಿವಯ್ಯನವರು ಕುರ್ಚಿಯಲ್ಲಿ ಕೂತಿದ್ದರು, ಕೂಗಿ ಕೂಗಿ ದನಿ ಕೂತುಹೋಗಿತ್ತು. ಬಸವಪ್ರಭು ಕಂಬಕ್ಕೆ ಒರಗಿ ನಿಂತಿದ್ದ.

"ಏನೋ ಹೇಳ್ತಿದ್ರಿ ಭಾವ," ಅಂದಳು ಸರ್ವಮಂಗಳ. "ಗಾಜಲ್ಲಿ ಕಾಣ್ತು. ಒಳಗೆ ಏನೂ ಕೇಳ್ಸಲ್ಲ."

ಅವರು ತಮ್ಮನ ಕಡೆ ತಿರುಗಿದರು. "ಅವಳಿಗೆ ಹೇಳು ಪ್ರಭು..."

"ನೀನೇ ಹೇಳಣ್ಣ," ಅಂದ ಬಸವಪ್ರಭು. "ಅವಳು ಇಲ್ಲೇ ನಿಂತವ್ಳೆ."

ಸಿಟ್ಟಿನ ಬಿಸಿಯಲ್ಲಿ ಒಮ್ಮೆ ಆಡಿಬಿಡುವ ಮಾತುಗಳಿವೆ. ಅವನ್ನೇ ತಣ್ಣಗೆ, ಎದುರಿಗಿರುವವರ ಕಣ್ಣು ನೋಡಿ, ಇನ್ನೊಮ್ಮೆ ಆಡುವುದಕ್ಕೆ ಬೇರೆಯೇ ಎದೆ ಬೇಕು. ಭಾಗ ಎಂದು ಎರಡನೇ ಸಲ ಅಂದರೆ ಅದು ಬೆದರಿಕೆಯಾಗಿ ಉಳಿಯುವುದಿಲ್ಲ, ನಾಳೆ ತೋಟ ಅಳೆಯಲು ಹಗ್ಗ ಹಿಡಿಯಬೇಕಾಗುತ್ತದೆ, ಮಂಡಿಯ ಬೋರ್ಡು ಬದಲಾಗಬೇಕಾಗುತ್ತದೆ, ನಾಡಿದ್ದಿನಿಂದ ಬೇರೆಯವರ ಪಂಚಾಯ್ತಿಯಲ್ಲಿ ಎದೆಯುಬ್ಬಿಸಿ ಹೇಳಲು ಏನೂ ಇರುವುದಿಲ್ಲ. ಇದೆಲ್ಲ ಸದಾಶಿವಯ್ಯನವರ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು. ಅವರು ಬಾಯಿ ತೆರೆದರು, ಗಂಟಲು ಸರಿಮಾಡಿಕೊಂಡರು, ಮುಚ್ಚಿದರು.

"ಹೇಳಿ ಭಾವ. ಈಗ ಬಾಗಿಲು ತೆಗೆದೈತೆ. ಬೇರೆ ಒಲೆ ಅಂದ್ರೆ ಬೇರೆ ಒಲೆ, ನಾನು ತಯಾರಾಗೇ ಬಂದಿದೀನಿ. ಆದ್ರೆ ಹೊಸ್ತಿಲು ಅಲ್ಲೇ ಇರ್ತದೆ."

ಸಂಗಮೇಶ್ ಕೆಮ್ಮಿದ. ಹಿರಿಯರೊಬ್ಬರು ಖಾಲಿ ಲೋಟದಿಂದ ಕಾಫಿ ಕುಡಿದರು. 

ಆಗ ಬಾಗಿಲ ಬಳಿಯಿಂದ ರೇವಮ್ಮ ಸೆರಗನ್ನು ಬಾಯಿಂದ ತೆಗೆದಳು. ನಾಲ್ಕು ಜನರ ಮುಂದೆ ಗಂಡನ ಜೊತೆ ಮಾತಾಡಿದ ಹೆಂಗಸಲ್ಲ ಅವಳು. ದನಿ ಸಣ್ಣದಾಗಿತ್ತು, ಆದರೆ ವರಾಂಡದ ಕೊನೆಯ ಕುರ್ಚಿಯವರೆಗೂ ಕೇಳಿಸಿತು.

"ಹೇಳ್ರಿ ಮತ್ತೆ. ಅವಳಿಗೆ ಕೇಳಿಸ್ಲಿಲ್ವಂತೆ."